ಮ್ಯಾಕೆರೆಲ್ ಗುರುತಿಸುವುದು: ಬಣ್ಣ ಬಿಡಿ, ಗೆರೆ ನೋಡಿ, ಯಾವ ಕಡಲು ಅಂತ ಕೇಳಿ

ಮ್ಯಾಕೆರೆಲ್ ಅನ್ನುವ ಹೆಸರಿನಲ್ಲಿ ಓಡಾಡುವ ಮೀನುಗಳು ಹತ್ತಾರು ಇವೆ. ಗೊಂದಲ ಶುರುವಾಗುವುದೇ ಇಲ್ಲಿಂದ. ಒಬ್ಬರು ಗೇಣುದ್ದದ ಮೀನಿನ ಫೋಟೊ ಹಾಕಿ ಮ್ಯಾಕೆರೆಲ್ ಅನ್ನುತ್ತಾರೆ, ಇನ್ನೊಬ್ಬರು ಆಳುದ್ದದ ಮೀನನ್ನು ಎರಡೂ ಕೈಯಲ್ಲಿ ಹಿಡಿದು ನಿಂತು ಇದೂ ಮ್ಯಾಕೆರೆಲ್ ಅನ್ನುತ್ತಾರೆ, ಮತ್ಯಾರೋ ಡಬ್ಬಿಯ ಲೇಬಲ್ ತೋರಿಸಿ ಇದರೊಳಗೆ ಇರುವುದು ಯಾವ ಮ್ಯಾಕೆರೆಲ್ ಅಂತ ಕೇಳುತ್ತಾರೆ. ಮೊದಲಿನ ಇಬ್ಬರೂ ಹೇಳಿದ್ದು ಸರಿ. ಮೂರನೆಯವರ ಡಬ್ಬಿಯಲ್ಲಿ ಮ್ಯಾಕೆರೆಲ್ಲೇ ಇಲ್ಲದಿರುವ ಸಾಧ್ಯತೆಯೂ ಇದೆ.

ಕನ್ನಡ ಬಲ್ಲವರಿಗೆ ಇಲ್ಲಿ ಸ್ವಲ್ಪ ಅನುಕೂಲ. ಬಂಗುಡೆಯನ್ನು ಬಂಗುಡೆ ಅನ್ನುತ್ತೇವೆ, ಅಂಜಲನ್ನು ಅಂಜಲ್ ಅನ್ನುತ್ತೇವೆ. ಎರಡೂ ಒಂದೇ ಅಂತ ಯಾರೂ ಅಂದುಕೊಳ್ಳುವುದಿಲ್ಲ. ಇಂಗ್ಲಿಷಿಗೆ ಹೋದರೆ ಬಂಗುಡೆ ಇಂಡಿಯನ್ ಮ್ಯಾಕೆರೆಲ್ ಆಗುತ್ತದೆ, ಅಂಜಲ್ ಸ್ಪ್ಯಾನಿಷ್ ಮ್ಯಾಕೆರೆಲ್ ಆಗುತ್ತದೆ, ಅದಕ್ಕೂ ಸ್ಪೇನ್‌ಗೂ ಸಂಬಂಧ ಇಲ್ಲದಿದ್ದರೂ! ಆದ್ದರಿಂದ ‘ಬಂಗುಡೆಯ ಥರದ್ದು’ ಮತ್ತು ‘ಅಂಜಲ್ ಥರದ್ದು’ ಅಂತ ಎರಡು ಗುಂಪು ತಲೆಯಲ್ಲಿ ಇಟ್ಟುಕೊಳ್ಳಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಎರಡೂ ಗುಂಪು ಸ್ಕಾಂಬ್ರಿಡೇ ಅನ್ನುವ ದೊಡ್ಡ ಕುಟುಂಬಕ್ಕೆ ಸೇರಿದವು. ಟ್ಯೂನಾಗಳೂ ಅದೇ ಕುಟುಂಬ. ಬಂಗುಡೆ ಗುಂಪಿನಲ್ಲಿ ಎರಡು ಕುಲಗಳು: ಸ್ಕಾಂಬರ್ ಮತ್ತು ರಾಸ್ಟ್ರೆಲಿಜರ್. ಮೀನು ಶಾಸ್ತ್ರದವರು ನಿಜವಾದ ಮ್ಯಾಕೆರೆಲ್ ಅನ್ನುವುದು ಇವಕ್ಕೆ. ಅಂಜಲ್ ಗುಂಪಿನ ಮುಖ್ಯ ಕುಲ ಸ್ಕಾಂಬರೋಮೋರಸ್. ಅದೊಂದರಲ್ಲೇ ಸುಮಾರು 18 ಜಾತಿಗಳಿವೆ.

ಮೊದಲು ಎಲ್ಲಿ ನೋಡಬೇಕು

ಬಣ್ಣವನ್ನು ಮಾತ್ರ ಮೊದಲು ನೋಡಬೇಡಿ. ನೀರಿನಿಂದ ಹೊರಗೆ ಬಂದಾಗ ಹಸಿರು, ನೀಲಿ, ಚಿನ್ನದ ಹೊಳಪು ಎಲ್ಲಾ ಇರುತ್ತದೆ. ಮೀನು ಸತ್ತ ಸ್ವಲ್ಪ ಹೊತ್ತಿಗೆ ಅದು ಮಾಸಿ ಬೂದು ಬಣ್ಣಕ್ಕೆ ತಿರುಗುತ್ತದೆ. ಐಸಿನಲ್ಲಿ ಇಟ್ಟ ಮೀನಿನ ಹಳದಿ ಚುಕ್ಕೆ ಕಾಣದೇ ಹೋಗಬಹುದು. ನಾನೂ ಶುರುವಿನಲ್ಲಿ ಫೋಟೊದ ಬಣ್ಣ ನೋಡಿ ಹೆಸರು ಹೇಳಲು ಹೋಗಿ ಸಾಕಷ್ಟು ಸಲ ತಪ್ಪಿದ್ದೇನೆ. ಮಾಸದೇ ಉಳಿಯುವ ಗುರುತುಗಳು ಬೇರೆ ಇವೆ.

ಬಾಲದ ಹತ್ತಿರ ಬೆನ್ನಿನ ಮೇಲೂ ಹೊಟ್ಟೆಯ ಕೆಳಗೂ ಚಿಕ್ಕ ಚಿಕ್ಕ ತ್ರಿಕೋನದಂಥ ರೆಕ್ಕೆಗಳು ಸಾಲಾಗಿ ನಿಂತಿರುತ್ತವೆ. ಇವನ್ನು ಕಿರುರೆಕ್ಕೆ ಅನ್ನೋಣ. ನಿಜವಾದ ಮ್ಯಾಕೆರೆಲ್‌ಗಳಲ್ಲಿ ಮೇಲೆ ಐದು, ಕೆಳಗೆ ಐದು ಇರುವುದು ವಾಡಿಕೆ. ಅಂಜಲ್ ಗುಂಪಿನಲ್ಲಿ ಜಾಸ್ತಿ, ಏಳರಿಂದ ಹತ್ತರವರೆಗೆ. ಒಂದೂ ಇಲ್ಲದಿದ್ದರೆ, ಅಥವಾ ಮೇಲೊಂದು ಕೆಳಗೊಂದು ಮಾತ್ರ ಇದ್ದರೆ, ಆ ಮೀನಿನ ಹೆಸರಲ್ಲಿ ಮ್ಯಾಕೆರೆಲ್ ಇದ್ದರೂ ಅದು ಈ ಕುಟುಂಬದ್ದಲ್ಲ.

ಆಮೇಲೆ ಬೆನ್ನಿನ ಎರಡು ದೊಡ್ಡ ರೆಕ್ಕೆಗಳನ್ನು ನೋಡಿ. ಮೊದಲನೆಯದು ಮುಳ್ಳಿನದು, ಮಡಚಿಕೊಂಡು ಬೆನ್ನಿನ ಸೀಳಿನೊಳಗೆ ಅಡಗಿ ಕೂತಿರುತ್ತದೆ, ಬೆರಳಿನಿಂದ ಎತ್ತಿದರೆ ಬಿಚ್ಚಿಕೊಳ್ಳುತ್ತದೆ. ಬಂಗುಡೆ ಗುಂಪಿನಲ್ಲಿ ಮೊದಲ ರೆಕ್ಕೆಗೂ ಎರಡನೆಯದಕ್ಕೂ ನಡುವೆ ಎದ್ದು ಕಾಣುವ ಖಾಲಿ ಜಾಗ ಇರುತ್ತದೆ. ಅಂಜಲ್ ಗುಂಪಿನಲ್ಲಿ ಒಂದು ಮುಗಿಯುತ್ತಿದ್ದಂತೆ ಇನ್ನೊಂದು ಶುರು.

ಮೂರನೆಯದು ಬಾಲದ ಬುಡ, ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯ ಗುರುತು. ಅಲ್ಲಿ ಎರಡೂ ಪಕ್ಕದಲ್ಲಿ ಸಣ್ಣ ಏಣುಗಳು ಇರುತ್ತವೆ, ಬೆರಳಾಡಿಸಿದರೆ ಗೊತ್ತಾಗುತ್ತದೆ. ಒಂದೊಂದು ಪಕ್ಕದಲ್ಲಿ ಎರಡೇ ಎರಡು ಸಣ್ಣ ಏಣು ಇದ್ದರೆ ನಿಜವಾದ ಮ್ಯಾಕೆರೆಲ್. ಆ ಎರಡರ ಮಧ್ಯೆ, ಸ್ವಲ್ಪ ಮುಂದಕ್ಕೆ, ಮೂರನೆಯ ದೊಡ್ಡ ಏಣು ಇದ್ದರೆ ಅಂಜಲ್ ಗುಂಪಿನದೋ ಟ್ಯೂನಾ ಬಳಗದ್ದೋ ಅಂತ ಅರ್ಥ. ಕತ್ತಲಲ್ಲೂ ಮಾಡಬಹುದಾದ ಪರೀಕ್ಷೆ ಇದು.

ಕೊನೆಯದು ಪಕ್ಕದ ಗೆರೆ. ಕಿವಿರಿನ ಹಿಂದಿನಿಂದ ಬಾಲದವರೆಗೆ ಮೈಯ ಪಕ್ಕದಲ್ಲಿ ಹೋಗುವ ಸಣ್ಣ ಗೆರೆ. ನೀರಿನ ಅಲುಗಾಟ ಮೀನಿಗೆ ತಿಳಿಯುವುದು ಇದರಿಂದ. ಬಂಗುಡೆ ಗುಂಪಿನಲ್ಲಿ ಇದರಿಂದ ಜಾಸ್ತಿ ಉಪಯೋಗ ಇಲ್ಲ. ಅಂಜಲ್ ಗುಂಪಿನಲ್ಲಿ ಮಾತ್ರ ಇದು ಸಹಿ ಇದ್ದ ಹಾಗೆ.

ಸ್ಕಾಂಬರ್: ಮುಖ್ಯವಾಗಿ ನಾಲ್ಕು ಜಾತಿ, ಹೊಟ್ಟೆ ನೋಡಿ ಹೇಳಬಹುದು

ಅಟ್ಲಾಂಟಿಕ್ ಮ್ಯಾಕೆರೆಲ್, ಶಾಸ್ತ್ರದ ಹೆಸರು ಸ್ಕಾಂಬರ್ ಸ್ಕಾಂಬ್ರಸ್. ಯುರೋಪಿನವರು ಬರೀ ಮ್ಯಾಕೆರೆಲ್ ಅಂದರೆ ಸಾಮಾನ್ಯವಾಗಿ ಇದೇ. ಬೆನ್ನಿನ ಮೇಲೆ ಇಪ್ಪತ್ತು ಮೂವತ್ತು ಕಪ್ಪು ಅಡ್ಡ ಪಟ್ಟೆಗಳು, ಶಾಯಿಯಲ್ಲಿ ಎಳೆದಂತೆ, ಸ್ವಲ್ಪ ಡೊಂಕು ಡೊಂಕಾಗಿ. ಪಟ್ಟೆಗಳು ಮೈಯ ಅರ್ಧಕ್ಕೆ ನಿಂತುಬಿಡುತ್ತವೆ. ಅಲ್ಲಿಂದ ಕೆಳಗೆ ಹೊಟ್ಟೆ ಬೆಳ್ಳಗೆ, ಒಂದು ಚುಕ್ಕೆಯೂ ಇಲ್ಲ. ಮೊದಲ ಬೆನ್ನುರೆಕ್ಕೆಯಲ್ಲಿ ಸಾಮಾನ್ಯವಾಗಿ 11ರಿಂದ 13 ಮುಳ್ಳು. ಸಾಮಾನ್ಯ ಉದ್ದ 30 ಸೆಂ.ಮೀ., ತೀರಾ ದೊಡ್ಡದಾದರೆ 60.

ಇದಕ್ಕೆ ಗಾಳಿಚೀಲ ಇಲ್ಲ. ಬಹಳ ಮೀನುಗಳು ನೀರಿನಲ್ಲಿ ತೇಲಿಕೊಂಡು ನಿಲ್ಲಲು ಹೊಟ್ಟೆಯೊಳಗೆ ಒಂದು ಗಾಳಿಚೀಲ ಇಟ್ಟುಕೊಂಡಿರುತ್ತವೆ. ಇದು ಇಟ್ಟುಕೊಂಡಿಲ್ಲ, ಅದಕ್ಕೇ ಈಜುವುದನ್ನು ನಿಲ್ಲಿಸಿದರೆ ಮುಳುಗುತ್ತದೆ. ಉಸಿರಾಟಕ್ಕೂ ಬಾಯಿ ತೆರೆದು ಮುಂದಕ್ಕೆ ಹೋಗುತ್ತಲೇ ಇರಬೇಕು. ಹುಟ್ಟಿದಾಗಿನಿಂದ ಸಾಯುವವರೆಗೆ ನಡಿಗೆಯೇ ಬದುಕು! ಮೀನು ಕೊಯ್ಯುವವರಿಗೆ ಇದೂ ಒಂದು ಗುರುತು, ಯಾಕೆಂದರೆ ಮುಂದೆ ಬರುವ ಚಬ್ ಮ್ಯಾಕೆರೆಲ್‌ಗಳಿಗೆ ಗಾಳಿಚೀಲ ಇದೆ.

ಇದು ಇರುವುದು ಉತ್ತರ ಅಟ್ಲಾಂಟಿಕ್‌ನಲ್ಲಿ ಮಾತ್ರ. ಅಮೆರಿಕದ ಕಡೆ ಲ್ಯಾಬ್ರಡಾರ್‌ನಿಂದ ಉತ್ತರ ಕೆರೊಲಿನಾದವರೆಗೆ, ಈ ಕಡೆ ಐಸ್‌ಲ್ಯಾಂಡ್, ನಾರ್ವೆಯಿಂದ ಮೊರಾಕ್ಕೋವರೆಗೆ, ಜೊತೆಗೆ ಮೆಡಿಟರೇನಿಯನ್ ಮತ್ತು ಕಪ್ಪು ಸಮುದ್ರ. ತಣ್ಣಗಿನ ನೀರಿನ ಮೀನು ಅಂತ ಎಲ್ಲರೂ ಹೇಳುತ್ತಾರೆ, ಆದರೆ ತೀರಾ ತಣ್ಣಗಾದರೂ ಅದಕ್ಕೆ ಆಗುವುದಿಲ್ಲ. 2007ರ ಸುಮಾರಿಗೆ ಇದರ ಹಿಂಡುಗಳು ಉತ್ತರಕ್ಕೂ ಪಶ್ಚಿಮಕ್ಕೂ ಸರಿದು ಐಸ್‌ಲ್ಯಾಂಡಿನ ಸುತ್ತ ದಂಡಿಯಾಗಿ ಸಿಗತೊಡಗಿದವು. ಯಾರು ಎಷ್ಟು ಹಿಡಿಯಬೇಕು ಅಂತ ಐಸ್‌ಲ್ಯಾಂಡ್, ಫೆರೋ ದ್ವೀಪಗಳು, ನಾರ್ವೆ ಮತ್ತು ಯುರೋಪಿಯನ್ ಒಕ್ಕೂಟದ ನಡುವೆ ವರ್ಷಗಟ್ಟಲೆ ಜಗಳ ನಡೆಯಿತು. ಪತ್ರಿಕೆಗಳು ಅದನ್ನು ಮ್ಯಾಕೆರೆಲ್ ಯುದ್ಧ ಅಂತಲೇ ಕರೆದವು. ಅಂದರೆ ಮೀನಿನ ವಿಳಾಸ ಕೂಡ ಕಾಯಂ ಅಲ್ಲ, ಹಳೆಯ ನಕ್ಷೆ ಇಟ್ಟುಕೊಂಡು ‘ಇಲ್ಲಿ ಇದು ಸಿಗುವುದೇ ಇಲ್ಲ’ ಅಂತ ವಾದ ಮಾಡಬೇಡಿ.

ಪೆಸಿಫಿಕ್ ಚಬ್ ಮ್ಯಾಕೆರೆಲ್, ಸ್ಕಾಂಬರ್ ಜಪಾನಿಕಸ್. ಕಣ್ಣು ದೊಡ್ಡದು. ಬೆನ್ನಿನ ಪಟ್ಟೆಗಳು ಇನ್ನೂ ತೆಳು, ಇನ್ನೂ ಡೊಂಕು, ಒಂದರೊಳಗೊಂದು ಸಿಕ್ಕಿಕೊಂಡಂತೆ. ಹೊಟ್ಟೆಯಲ್ಲಿ ಗುರುತು ಇರುವುದಿಲ್ಲ, ಇದ್ದರೂ ಮಸುಕು. ಮೊದಲ ಬೆನ್ನುರೆಕ್ಕೆಯಲ್ಲಿ 9 ಅಥವಾ 10 ಮುಳ್ಳು. ಜಪಾನ್, ಕೊರಿಯಾ, ಚೀನಾದ ಸಮುದ್ರದಲ್ಲಿ ಇದೆ, ಪೆಸಿಫಿಕ್ ದಾಟಿ ಕ್ಯಾಲಿಫೋರ್ನಿಯಾ, ಪೆರು, ಚಿಲಿಯ ಕಡೆಗೂ ಇದೆ.

ಅಟ್ಲಾಂಟಿಕ್ ಚಬ್ ಮ್ಯಾಕೆರೆಲ್, ಸ್ಕಾಂಬರ್ ಕೊಲಿಯಾಸ್. ಬಹಳ ಕಾಲ ಇದನ್ನೂ ಜಪಾನಿಕಸ್ ಅಂತಲೇ ಲೆಕ್ಕ ಹಾಕುತ್ತಿದ್ದರು. ಮೈಯ ಅಳತೆ ಮತ್ತು ಜೀನ್ ಎರಡನ್ನೂ ಹೋಲಿಸಿ ನೋಡಿದ ಮೇಲೆ ಬೇರೆ ಮಾಡಿದರು. ಹಳೆಯ ಬರಹಗಳಲ್ಲಿ ‘ಮೆಡಿಟರೇನಿಯನ್‌ನಲ್ಲಿ ಜಪಾನಿಕಸ್’ ಅಂತ ಕಂಡರೆ ಅದು ಕೊಲಿಯಾಸ್ ಅಂತ ಓದಿಕೊಳ್ಳಿ. ಹೊಟ್ಟೆಯ ಮೇಲೆ ಬೂದು ಚುಕ್ಕೆಗಳು ಚೆಲ್ಲಿದಂತೆ ಇರುತ್ತವೆ. ಮೆಡಿಟರೇನಿಯನ್‌ನಲ್ಲಿ ಇದೂ ಸ್ಕಾಂಬ್ರಸ್ಸೂ ಎರಡೂ ಸಿಗುವುದರಿಂದ ಅಲ್ಲಿ ಈ ಹೊಟ್ಟೆಯ ಪರೀಕ್ಷೆ ತುಂಬಾ ಉಪಯೋಗಕ್ಕೆ ಬರುತ್ತದೆ: ಬೆಳ್ಳಗಿದ್ದರೆ ಸ್ಕಾಂಬ್ರಸ್, ಚುಕ್ಕೆ ಇದ್ದು ಕಣ್ಣು ದೊಡ್ಡದಿದ್ದರೆ ಕೊಲಿಯಾಸ್. ಅನುಮಾನ ಇದ್ದರೆ ಮುಳ್ಳು ಎಣಿಸಿ, ಹನ್ನೊಂದು ಅಥವಾ ಜಾಸ್ತಿ ಇದ್ದರೆ ಸ್ಕಾಂಬ್ರಸ್.

ನೀಲಿ ಮ್ಯಾಕೆರೆಲ್, ಸ್ಕಾಂಬರ್ ಆಸ್ಟ್ರಲೇಸಿಕಸ್. ಇದರ ಹೊಟ್ಟೆಯಲ್ಲೂ ಚುಕ್ಕೆ. ಜಪಾನಿಗಳು ಇದನ್ನು ಗೋಮಾಸಾಬಾ ಅನ್ನುತ್ತಾರೆ. ಗೋಮಾ ಅಂದರೆ ಎಳ್ಳು, ಸಾಬಾ ಅಂದರೆ ಮ್ಯಾಕೆರೆಲ್. ಎಳ್ಳು ಚೆಲ್ಲಿದ ಮೀನು! ಇಷ್ಟು ಸರಿಯಾದ ಹೆಸರು ಶಾಸ್ತ್ರದವರಿಗೂ ಹೊಳೆಯಲಿಲ್ಲ. ಜಪಾನಿನಿಂದ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ವರೆಗೆ ಇದೆ, ಕೆಂಪು ಸಮುದ್ರದಲ್ಲೂ ಇದೆ. ಜಪಾನಿನ ಸುತ್ತ ಇದೂ ಜಪಾನಿಕಸ್ಸೂ ಒಂದೇ ಬಲೆಗೆ ಬೀಳುತ್ತವೆ. ಎಳ್ಳು ಮಸುಕಾಗಿದ್ದರೆ ಮುಳ್ಳು ಎಣಿಸುತ್ತಾರೆ: ಒಂಬತ್ತು ಹತ್ತು ಇದ್ದರೆ ಜಪಾನಿಕಸ್, ಹನ್ನೊಂದು ಅಥವಾ ಜಾಸ್ತಿ ಇದ್ದರೆ ಆಸ್ಟ್ರಲೇಸಿಕಸ್.

ಕೊಲಿಯಾಸ್‌ಗೂ ಆಸ್ಟ್ರಲೇಸಿಕಸ್‌ಗೂ ಹೊಟ್ಟೆಯಲ್ಲಿ ಚುಕ್ಕೆ ಇದೆಯಲ್ಲ, ಅವೆರಡನ್ನು ಹೇಗೆ ಬೇರೆ ಮಾಡುವುದು? ಸುಲಭ. ಒಂದು ಅಟ್ಲಾಂಟಿಕ್‌ನದು, ಇನ್ನೊಂದು ಅಟ್ಲಾಂಟಿಕ್‌ನಲ್ಲಿ ಇಲ್ಲ. ಕಡಲು ಯಾವುದು ಅಂತ ಕೇಳಿ ಅಂದಿದ್ದು ಇದಕ್ಕೇ.

ಬಂಗುಡೆ ಮತ್ತು ಅದರ ಇಬ್ಬರು ದಾಯಾದಿಗಳು

ರಾಸ್ಟ್ರೆಲಿಜರ್ ಕುಲದಲ್ಲಿ ಮೂರೇ ಜಾತಿ. ಮೂರೂ ಬಿಸಿ ನೀರಿನವು, ಇಂಡಿಯನ್ ಮಹಾಸಾಗರ ಮತ್ತು ಪಶ್ಚಿಮ ಪೆಸಿಫಿಕ್‌ನವು. ಸ್ಕಾಂಬರ್ ಮೀನು ಕದಿರಿನ ಹಾಗೆ ಉದ್ದಕ್ಕೆ ದುಂಡಗೆ ಇದ್ದರೆ, ಇವು ಅಗಲ, ಪಕ್ಕಕ್ಕೆ ಸ್ವಲ್ಪ ಚಪ್ಪಟೆ. ಬೆನ್ನಿನ ಮೇಲೆ ಅಡ್ಡ ಪಟ್ಟೆ ಇರುವುದಿಲ್ಲ, ಉದ್ದಕ್ಕೆ ಗೆರೆಗಳು ಅಥವಾ ಚುಕ್ಕೆ ಸಾಲು ಇರುತ್ತವೆ.

ಬಂಗುಡೆ, ಅಂದರೆ ರಾಸ್ಟ್ರೆಲಿಜರ್ ಕನಗುರ್ತ. ಬಾಯಿ ಅಗಲಿಸಿ ಒಳಗೆ ನೋಡಿ: ಕಿವಿರಿನ ಬಾಚಣಿಗೆ ಹಲ್ಲುಗಳು ಉದ್ದುದ್ದ, ನಯವಾದ ಗರಿಯ ಹಾಗೆ ಕಾಣುತ್ತವೆ. ಬಂಗುಡೆಗಳು ಬಾಯಿ ತೆರೆದುಕೊಂಡು ಹಿಂಡಾಗಿ ಈಜುತ್ತಾ ನೀರಿನಲ್ಲಿರುವ ಸಣ್ಣ ಜೀವಿಗಳನ್ನು ಸೋಸಿಕೊಳ್ಳುವುದು ಇದರಿಂದಲೇ. ಹೊರಗಿನ ಗುರುತು ಅಂದರೆ ಕಿವಿರಿನ ಪಕ್ಕದ ರೆಕ್ಕೆಯ ಕೆಳ ಅಂಚಿನ ಹತ್ತಿರ ಮೈ ಮೇಲೆ ಒಂದು ಕಪ್ಪು ಮಚ್ಚೆ. ತಾಜಾ ಇದ್ದಾಗ ಬೆನ್ನಿನ ಉದ್ದಗೆರೆಗಳಲ್ಲಿ ಚಿನ್ನದ ಹೊಳಪು ಇರುತ್ತದೆ. ಸಾಮಾನ್ಯವಾಗಿ 25 ಸೆಂ.ಮೀ., ಹೆಚ್ಚೆಂದರೆ 35.

ಕನಗುರ್ತ ಅನ್ನುವುದು ಗ್ರೀಕೂ ಅಲ್ಲ ಲ್ಯಾಟಿನ್ನೂ ಅಲ್ಲ. ತೆಲುಗು. 1803ರಲ್ಲಿ ಪ್ಯಾಟ್ರಿಕ್ ರಸೆಲ್ ಅನ್ನುವ ವೈದ್ಯ ವಿಶಾಖಪಟ್ಟಣದ ಕಡೆಯ ಮೀನುಗಳನ್ನು ಚಿತ್ರ ಸಹಿತ ದಾಖಲಿಸಿದಾಗ ಅಲ್ಲಿನ ಜನ ಹೇಳಿದ ಹೆಸರನ್ನೇ ಬರೆದುಕೊಂಡ. ಆಮೇಲೆ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಕುವಿಯೆ 1816ರಲ್ಲಿ ಆ ಹೆಸರನ್ನೇ ಶಾಸ್ತ್ರಕ್ಕೆ ತಂದ. ಹಾಗಾಗಿ ಪ್ರಪಂಚದ ಯಾವ ಮೂಲೆಯ ವಿಜ್ಞಾನಿಯಾದರೂ ಬಂಗುಡೆಗೆ ತೆಲುಗಿನಲ್ಲೇ ಕೂಗಬೇಕು.

ಕೆಂಪು ಸಮುದ್ರ ಮತ್ತು ಆಫ್ರಿಕಾದ ಪೂರ್ವ ಕರಾವಳಿಯಿಂದ ಅರಬ್ಬೀ ಸಮುದ್ರ, ಬಂಗಾಳ ಕೊಲ್ಲಿ, ಇಂಡೊನೇಷ್ಯಾ ದಾಟಿ ಚೀನಾ, ಆಸ್ಟ್ರೇಲಿಯಾದ ಉತ್ತರ ಭಾಗ, ಸಮೋವಾದವರೆಗೆ ಇದರ ಹರವು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಅದರೊಳಗಿಂದ ನುಸುಳಿ ಪೂರ್ವ ಮೆಡಿಟರೇನಿಯನ್‌ಗೂ ಹೋಗಿದೆ.

ಗಿಡ್ಡ ಮ್ಯಾಕೆರೆಲ್, ರಾಸ್ಟ್ರೆಲಿಜರ್ ಬ್ರಾಕಿಸೋಮಾ. ಬಂಗುಡೆಗಿಂತ ಚಿಕ್ಕದು, ಆದರೆ ಹೊಟ್ಟೆ ಇನ್ನೂ ಅಗಲ. ಇದನ್ನು ಅಂದಾಜಿನಲ್ಲಿ ಹೇಳಲು ಹೋದರೆ ತಪ್ಪುತ್ತೀರಿ, ಅಳತೆ ಮಾಡಿ. ಮೂತಿಯಿಂದ ಬಾಲದ ಕವಲಿನವರೆಗಿನ ಉದ್ದವನ್ನು ಕಿವಿರಿನ ಅಂಚಿನ ಹತ್ತಿರ ಮೈ ಎಷ್ಟು ಅಗಲ ಇದೆಯೋ ಅದರಿಂದ ಭಾಗಿಸಿ. 3.7ರಿಂದ 4.3 ಬಂದರೆ ಗಿಡ್ಡದು, 4.3ರಿಂದ 5.2 ಬಂದರೆ ಬಂಗುಡೆ. ಸರಿಯಾಗಿ 4.3 ಬಂದರೆ? ತಲೆ ನೋಡಿ. ಬಂಗುಡೆಯ ತಲೆಯ ಉದ್ದ ಮೈಯ ಅಗಲಕ್ಕಿಂತ ಜಾಸ್ತಿ, ಗಿಡ್ಡದರಲ್ಲಿ ಸಮ ಅಥವಾ ಕಮ್ಮಿ. ಅಂಡಮಾನ್ ಸಮುದ್ರದಿಂದ ಥಾಯ್ಲೆಂಡ್, ಇಂಡೊನೇಷ್ಯಾ, ಫಿಲಿಪೀನ್ಸ್, ಫಿಜಿವರೆಗೆ ಇರುತ್ತದೆ. ಉಪ್ಪು ಕಮ್ಮಿ ಇರುವ ಅಳಿವೆಯ ನೀರು ಇದಕ್ಕೆ ಹೊಂದುತ್ತದೆ, ಆದ್ದರಿಂದ ದಡದ ಹತ್ತಿರವೇ ಜಾಸ್ತಿ.

ದ್ವೀಪದ ಮ್ಯಾಕೆರೆಲ್, ರಾಸ್ಟ್ರೆಲಿಜರ್ ಫಾಘ್ನಿ. ಮೂರರಲ್ಲಿ ತೆಳ್ಳಗಿನದು ಇದು, ಭಾಗಿಸಿದರೆ ಉತ್ತರ ಐದರ ಆಚೀಚೆ, ಆರರವರೆಗೂ ಹೋಗುತ್ತದೆ. 20 ಸೆಂ.ಮೀ.ಗಿಂತ ದೊಡ್ಡದಾಗುವುದು ಅಪರೂಪ. ಕಿವಿರಿನ ಹಲ್ಲುಗಳು ಗಿಡ್ಡ, ಮೂತಿಯಷ್ಟೂ ಉದ್ದ ಇಲ್ಲ, ಹಾಗಾಗಿ ಬಾಯಿ ತೆರೆದರೆ ಬಂಗುಡೆಯಲ್ಲಿ ಕಾಣುವ ಆ ಗರಿ ಕಾಣುವುದಿಲ್ಲ. ಮೇಲಿನಿಂದ ನೋಡಿದರೆ ಮೊದಲ ಬೆನ್ನುರೆಕ್ಕೆಯ ಬುಡದಲ್ಲಿ ಕೆಲವು ಕಪ್ಪು ಮಚ್ಚೆಗಳು. ಚೆನ್ನೈ ಕಡೆಯಿಂದ ಇಂಡೊನೇಷ್ಯಾ, ತೈವಾನ್, ಫಿಜಿಯವರೆಗೆ ಸಿಗುತ್ತದೆ.

ಅಂಜಲ್ ಗುಂಪು: ಗೆರೆ ಎಲ್ಲಿ ಬಾಗುತ್ತದೆ?

ಇವು ಬೇಟೆಗಾರ ಮೀನುಗಳು. ಚೂಪು ಹಲ್ಲು, ಉದ್ದ ಮೈ, ಸಣ್ಣ ಮೀನಿನ ಹಿಂಡಿಗೆ ಸೀದಾ ನುಗ್ಗುವ ಜಾತಿ. ಹದಿನೆಂಟನ್ನೂ ಇಲ್ಲಿ ಬಿಡಿಸಲು ಹೋದರೆ ನಿಮಗೂ ಸುಸ್ತು ನನಗೂ ಸುಸ್ತು. ಗೊಂದಲ ಆಗುವ ಜೋಡಿಗಳನ್ನು ಮಾತ್ರ ನೋಡೋಣ.

ಮೊದಲ ಜೋಡಿ ಇಂಡಿಯನ್ ಮಹಾಸಾಗರದ್ದು. ದೊಡ್ಡ ಅಂಜಲ್ ಸ್ಕಾಂಬರೋಮೋರಸ್ ಕಾಮರ್ಸನ್, ಚುಕ್ಕೆ ಅಂಜಲ್ ಸ್ಕಾಂಬರೋಮೋರಸ್ ಗುಟಾಟಸ್. ಕಾಮರ್ಸನ್ ಮೈಯ ಪಕ್ಕದಲ್ಲಿ ತೆಳ್ಳಗಿನ ಲಂಬ ಪಟ್ಟೆಗಳು, ದೊಡ್ಡ ಮೀನಿನಲ್ಲಿ ನಲವತ್ತು ಐವತ್ತು ಇರುತ್ತವೆ. 2.4 ಮೀಟರ್ ಉದ್ದ, 70 ಕೆ.ಜಿ. ತೂಕದವರೆಗೆ ಬೆಳೆದ ದಾಖಲೆ ಇದೆ. ಗುಟಾಟಸ್‌ನಲ್ಲಿ ಪಟ್ಟೆ ಇಲ್ಲ, ಪಕ್ಕದಲ್ಲಿ ದುಂಡು ಚುಕ್ಕೆಗಳು ಮೂರು ಸಾಲಿನ ಹಾಗೆ, ಮುಕ್ಕಾಲು ಮೀಟರ್‌ಗಿಂತ ಜಾಸ್ತಿ ಬೆಳೆಯುವುದು ಕಷ್ಟ. ಇಷ್ಟೇನಾ ಅಂದರೆ ಅಲ್ಲ. ಕಾಮರ್ಸನ್ ಮರಿಗೂ ಚುಕ್ಕೆ ಇರುತ್ತದೆ! ಚುಕ್ಕೆ ನೋಡಿ ಗುಟಾಟಸ್ ಅಂದುಕೊಂಡವರು ಬಹಳ ಮಂದಿ. ಆಗ ಪಕ್ಕದ ಗೆರೆಯನ್ನು ಹಿಡಿದುಕೊಂಡು ಹೋಗಿ. ಕಾಮರ್ಸನ್‌ನಲ್ಲಿ ಅದು ನೇರವಾಗಿ ಬಂದು, ಎರಡನೆಯ ಬೆನ್ನುರೆಕ್ಕೆ ಮುಗಿಯುವ ಜಾಗದ ಕೆಳಗೆ ಮೆಟ್ಟಿಲು ಇಳಿದ ಹಾಗೆ ಥಟ್ಟನೆ ಕೆಳಕ್ಕೆ ಇಳಿಯುತ್ತದೆ. ಗುಟಾಟಸ್‌ನಲ್ಲಿ ಗೆರೆ ನಿಧಾನವಾಗಿ ಇಳಿಜಾರಾಗಿ ಹೋಗುತ್ತದೆ, ಮುಂಭಾಗದಲ್ಲಿ ಅದರಿಂದ ಮೇಲಕ್ಕೂ ಕೆಳಕ್ಕೂ ಸಣ್ಣ ಸಣ್ಣ ಕವಲುಗಳು ಹೊರಟಿರುತ್ತವೆ.

ಇರುವ ಜಾಗದಲ್ಲೂ ವ್ಯತ್ಯಾಸ ಇದೆ. ಗುಟಾಟಸ್ ದಡದ ಹತ್ತಿರದ ಕದಡಿದ ನೀರಿಗೂ ಅಳಿವೆಗೂ ಬರುತ್ತದೆ. ಕಾಮರ್ಸನ್ ಹರವು ದೊಡ್ಡದು: ದಕ್ಷಿಣ ಆಫ್ರಿಕಾ, ಕೆಂಪು ಸಮುದ್ರದಿಂದ ಜಪಾನ್, ಆಸ್ಟ್ರೇಲಿಯಾ, ಫಿಜಿವರೆಗೆ. ಬಂಗುಡೆಯ ಹಾಗೆ ಇದೂ ಸೂಯೆಜ್ ದಾಟಿದೆ. ಚುಕ್ಕೆಗಳ ಬದಲು ಅಡ್ಡಡ್ಡ ಮಲಗಿಸಿದ ಪುಟ್ಟ ಗೀಟುಗಳ ಸಾಲು ಕಂಡರೆ ಅದು ಇನ್ನೊಂದು ಜಾತಿ, ಲಿನಿಯೋಲಾಟಸ್. ಆಫ್ರಿಕಾದ ಪೂರ್ವ ಕರಾವಳಿಯಲ್ಲಿ ಅಂಥದೇ ಗೀಟುಗಳ ಮತ್ತೊಂದು ಮೀನಿದೆ, ಇಂಗ್ಲಿಷಿನಲ್ಲಿ ಅದರ ಹೆಸರು ಕನಡಿ ಕಿಂಗ್‌ಫಿಶ್. ಹೆಸರು ಕೇಳಿ ನನಗೂ ಒಂದು ಕ್ಷಣ ನಮ್ಮದೇ ಅನ್ನಿಸಿತ್ತು.

ಎರಡನೆಯ ಜೋಡಿ ಕಾಮರ್ಸನ್ ಮತ್ತು ವಾಹೂ. ವಾಹೂ ಎಲ್ಲಾ ಬಿಸಿ ಸಾಗರಗಳಲ್ಲೂ ಇರುವ ಮೀನು, ದಡದಿಂದ ದೂರ, ಒಂಟಿಯಾಗಿ ಅಥವಾ ಸಣ್ಣ ಗುಂಪಿನಲ್ಲಿ. ಅದಕ್ಕೂ ಲಂಬ ಪಟ್ಟೆ, ಅದೂ ಎರಡು ಮೀಟರ್ ದಾಟುತ್ತದೆ. ಹಾಗಾದರೆ ಬೆನ್ನುರೆಕ್ಕೆ ಎತ್ತಿ ಎಣಿಸಿ. ಕಾಮರ್ಸನ್‌ಗೆ 15ರಿಂದ 18 ಮುಳ್ಳು, ವಾಹೂಗೆ 23ರಿಂದ 27. ವಾಹೂವಿನ ಮೂತಿ ಕೊಕ್ಕಿನ ಹಾಗೆ ಉದ್ದ. ಪಕ್ಕದ ಗೆರೆ ಇಳಿಯುವುದು ಹಿಂದೆ ಅಲ್ಲ, ಮುಂದೆಯೇ, ಮೊದಲ ಬೆನ್ನುರೆಕ್ಕೆಯ ಕೆಳಗೆ. ಇನ್ನೂ ಬೇಕಾದರೆ ಕಿವಿರು ಎತ್ತಿ ನೋಡಿ, ವಾಹೂಗೆ ಆ ಬಾಚಣಿಗೆ ಹಲ್ಲುಗಳೇ ಇಲ್ಲ.

ಮೂರನೆಯದು ಪಶ್ಚಿಮ ಅಟ್ಲಾಂಟಿಕ್‌ನ ತ್ರಿವಳಿ. ಗಾಳ ಹಾಕುವವರು ಜಾಸ್ತಿ ಎಡವುವುದು ಇಲ್ಲೇ. ಕಿಂಗ್ ಮ್ಯಾಕೆರೆಲ್, ಸ್ಪ್ಯಾನಿಷ್ ಮ್ಯಾಕೆರೆಲ್, ಸೀರೊ. ದೊಡ್ಡ ಕಿಂಗ್ ಬಗ್ಗೆ ಯಾರಿಗೂ ಸಂಶಯ ಬರುವುದಿಲ್ಲ, ಅದರ ಮೈಯಲ್ಲಿ ಚುಕ್ಕೆ ಇಲ್ಲ, ಒಂದೂವರೆ ಮೀಟರ್ ದಾಟುತ್ತದೆ. ಆದರೆ ಅದರ ಮರಿಗೆ ಕಂಚಿನ ಬಣ್ಣದ ಚುಕ್ಕೆಗಳು, ಪಕ್ಕಾ ಸ್ಪ್ಯಾನಿಷ್ ಥರ. ಎಷ್ಟು ಉದ್ದದ ಮೀನನ್ನು ಇಟ್ಟುಕೊಳ್ಳಬಹುದು ಅನ್ನುವ ನಿಯಮ ಅಮೆರಿಕದಲ್ಲಿ ಎರಡಕ್ಕೂ ಬೇರೆ ಬೇರೆ ಇರುವುದರಿಂದ ತಪ್ಪು ಗುರುತು ಹಿಡಿದರೆ ದಂಡ ಕಟ್ಟಬೇಕಾಗಬಹುದು. ಎರಡು ಜಾಗ ನೋಡಿದರೆ ಸಾಕು. ಮೊದಲ ಬೆನ್ನುರೆಕ್ಕೆಯ ಮುಂಭಾಗ ಕಪ್ಪಗಿದ್ದರೆ ಕಿಂಗ್ ಅಲ್ಲ. ಪಕ್ಕದ ಗೆರೆ ಎರಡನೆಯ ಬೆನ್ನುರೆಕ್ಕೆಯ ಕೆಳಗೆ ಥಟ್ಟನೆ ಇಳಿದರೆ ಕಿಂಗ್, ಮೆಲ್ಲಗೆ ಇಳಿದರೆ ಸ್ಪ್ಯಾನಿಷ್ ಅಥವಾ ಸೀರೊ. ಇನ್ನು ಸೀರೊ: ಚುಕ್ಕೆಗಳ ಜೊತೆಗೆ ಮೈ ನಡುವೆ ಉದ್ದಕ್ಕೆ ಒಂದು ಚಿನ್ನದ ಬಣ್ಣದ ಗೆರೆ ಇರುತ್ತದೆ. ಆ ಬಣ್ಣ ಮಾಸಿದ್ದರೆ ಕಿವಿರಿನ ಪಕ್ಕದ ರೆಕ್ಕೆಯನ್ನು ಮುಟ್ಟಿ ನೋಡಿ, ಸೀರೊ ರೆಕ್ಕೆಯ ಮೇಲೆ ಹುರುಪೆ ಇರುತ್ತದೆ, ಸ್ಪ್ಯಾನಿಷ್ ರೆಕ್ಕೆಯಲ್ಲಿ ಇರುವುದಿಲ್ಲ. ಸ್ಪ್ಯಾನಿಷ್ ಸಿಗುವುದು ಅಮೆರಿಕದ ಪೂರ್ವ ಕರಾವಳಿ ಮತ್ತು ಮೆಕ್ಸಿಕೊ ಕೊಲ್ಲಿಯಲ್ಲಿ. ಸೀರೊ ಜಾಸ್ತಿ ಕಾಣುವುದು ಫ್ಲಾರಿಡಾದ ದಕ್ಷಿಣ, ಬಹಾಮಾಸ್, ಕೆರಿಬಿಯನ್ ದ್ವೀಪಗಳ ಹವಳದ ಬಂಡೆಗಳ ಕಡೆ. ಕಿಂಗ್ ಬ್ರೆಜಿಲ್‌ವರೆಗೂ ಇದೆ.

ಆಸ್ಟ್ರೇಲಿಯಾದ ಕಥೆ ಬೇರೆ. ಅಲ್ಲಿ ಸ್ಪ್ಯಾನಿಷ್ ಮ್ಯಾಕೆರೆಲ್ ಅಂದರೆ ಕಾಮರ್ಸನ್. ಅದರ ಜೊತೆಗೆ ಸ್ಕೂಲ್, ಸ್ಪಾಟೆಡ್, ಗ್ರೇ ಅಂತ ಇನ್ನೂ ಮೂರು ಅದೇ ಕುಲದವು. ಸ್ಕೂಲ್‌ಗೆ ಮೈ ಮೇಲೆ ದೊಡ್ಡ ದೊಡ್ಡ ಕಲೆ, ಸ್ಪಾಟೆಡ್‌ಗೆ ಸಣ್ಣ ಚುಕ್ಕೆ. ಐದನೆಯದು ಶಾರ್ಕ್ ಮ್ಯಾಕೆರೆಲ್, ಅದಕ್ಕೆ ಪಕ್ಕದ ಗೆರೆ ಒಂದಲ್ಲ, ಎರಡು. ಕೊಯ್ದಾಗ ಶಾರ್ಕ್ ಮೀನಿನ ಹಾಗೆ ಅಮೋನಿಯಾ ವಾಸನೆ ಬರುತ್ತದೆ, ಆ ಹೆಸರು ಅದಕ್ಕೇ.

ಎರಡು ವಿಚಿತ್ರ ವಿಳಾಸಗಳನ್ನೂ ಹೇಳಿಬಿಡುತ್ತೇನೆ. ಚೀನೀ ಅಂಜಲ್, ಸ್ಕಾಂಬರೋಮೋರಸ್ ಸೈನೆನ್ಸಿಸ್, ಸಮುದ್ರ ಬಿಟ್ಟು ಮೆಕಾಂಗ್ ನದಿಯೊಳಗೆ ಕಾಂಬೋಡಿಯಾದವರೆಗೂ ಹೋಗುತ್ತದೆ. ಮಾಂಟೆರೆ ಅಂಜಲ್, ಸ್ಕಾಂಬರೋಮೋರಸ್ ಕಾನ್‌ಕಲರ್, ಹೆಸರು ಪಡೆದದ್ದು ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಿಂದ. 19ನೇ ಶತಮಾನದಲ್ಲಿ ಅಲ್ಲಿ ಅದನ್ನು ಹಿಡಿಯುತ್ತಿದ್ದರು. ಈಗ ಅದು ಉಳಿದಿರುವುದು ಮೆಕ್ಸಿಕೊದ ಕ್ಯಾಲಿಫೋರ್ನಿಯಾ ಖಾರಿಯ ಉತ್ತರ ಭಾಗದಲ್ಲಿ.

ಹೆಸರಿಗೆ ಮಾತ್ರ ಮ್ಯಾಕೆರೆಲ್

ಹಾರ್ಸ್ ಮ್ಯಾಕೆರೆಲ್, ಜ್ಯಾಕ್ ಮ್ಯಾಕೆರೆಲ್ ಎರಡೂ ಟ್ರಾಕುರಸ್ ಕುಲದವು, ಬೇರೆ ಕುಟುಂಬ. ಪಕ್ಕದ ಗೆರೆಯ ಉದ್ದಕ್ಕೂ ಗಟ್ಟಿ ಹುರುಪೆಗಳು ಗರಗಸದ ಹಲ್ಲಿನಂತೆ ಕೈಗೆ ತಾಗುತ್ತವೆ, ಕಿರುರೆಕ್ಕೆ ಇರುವುದಿಲ್ಲ. ಡಬ್ಬಿಗಳಲ್ಲಿ ಇದು ಸಾಕಷ್ಟು ಸಲ ಇರುತ್ತದೆ, ‘ಜ್ಯಾಕ್’ ಅನ್ನುವ ಪದ ಸಣ್ಣಕ್ಷರದಲ್ಲಿ ಎಲ್ಲೋ ಇರುತ್ತದೆ, ಹುಡುಕಿ. ಮ್ಯಾಕೆರೆಲ್ ಸ್ಕ್ಯಾಡ್ ಕೂಡ ಅದೇ ಕುಟುಂಬದ್ದು, ಮೇಲೊಂದು ಕೆಳಗೊಂದು ಒಂಟಿ ಕಿರುರೆಕ್ಕೆ ಅಂದೆನಲ್ಲ, ಅದು ಇದೇ. ಅಟ್ಕಾ ಮ್ಯಾಕೆರೆಲ್ ಅಲಾಸ್ಕಾದ ಅಲ್ಯೂಶಿಯನ್ ದ್ವೀಪಗಳ ಕಡೆಯದು, ಬೆನ್ನಿನ ಉದ್ದಕ್ಕೂ ಒಂದೇ ರೆಕ್ಕೆ. ಸ್ನೇಕ್ ಮ್ಯಾಕೆರೆಲ್ ಇನ್ನೊಂದೇ ಬಳಗ. ಮ್ಯಾಕೆರೆಲ್ ಶಾರ್ಕ್ ಅಂತೂ ಪೂರ್ತಿ ಶಾರ್ಕ್, ಗ್ರೇಟ್ ವೈಟ್ ಕೂಡ ಆ ಗುಂಪಿನದೇ.

ಸ್ವಲ್ಪ ತಲೆ ಕೆಡಿಸುವುದು ಫ್ರಿಗೇಟ್ ಮ್ಯಾಕೆರೆಲ್. ಅದು ಟ್ಯೂನಾ ಬಳಗದ್ದು. ಎರಡು ಬೆನ್ನುರೆಕ್ಕೆಗಳ ನಡುವೆ ಬಂಗುಡೆಯ ಹಾಗೇ ದೊಡ್ಡ ಅಂತರ ಇರುತ್ತದೆ, ಬೆನ್ನಿನ ಹಿಂಭಾಗದಲ್ಲಿ ಡೊಂಕು ಪಟ್ಟೆಗಳೂ ಇರುತ್ತವೆ. ಬಾಲದ ಬುಡ ಮುಟ್ಟಿ, ನಡುವಿನ ದೊಡ್ಡ ಏಣು ಸಿಗುತ್ತದೆ.

ಮೀನು ಎದುರಿಗಿಲ್ಲ, ಲೇಬಲ್ ಮಾತ್ರ ಇದೆ ಅಂದರೆ

ತಲೆ, ಬಾಲ, ಚರ್ಮ ಏನೂ ಇಲ್ಲದ ತುಂಡು ಇದ್ದಾಗ ಮೇಲಿನ ಯಾವುದೂ ಕೆಲಸಕ್ಕೆ ಬರುವುದಿಲ್ಲ. ಆಗ ಎರಡು ವಿಷಯ ಹುಡುಕಿ: ಶಾಸ್ತ್ರದ ಹೆಸರು, ಹಿಡಿದ ಜಾಗ. ಎಷ್ಟೋ ಲೇಬಲ್‌ಗಳಲ್ಲಿ ಎಫ್‌ಎಒ ವಲಯದ ಸಂಖ್ಯೆ ಇರುತ್ತದೆ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಪ್ರಪಂಚದ ಸಮುದ್ರಗಳನ್ನು ಹಂಚಿ ಕೊಟ್ಟ ನಂಬರುಗಳು ಅವು. 27 ಅಂದರೆ ಈಶಾನ್ಯ ಅಟ್ಲಾಂಟಿಕ್, ಅಲ್ಲಿಯ ಮ್ಯಾಕೆರೆಲ್ ಹೆಚ್ಚಾಗಿ ಸ್ಕಾಂಬ್ರಸ್. 34 ಅಂದರೆ ಅಟ್ಲಾಂಟಿಕ್‌ನ ಪೂರ್ವ ಮಧ್ಯ ಭಾಗ, ಆಫ್ರಿಕಾದ ಪಶ್ಚಿಮದ ಸಮುದ್ರ, ಕೊಲಿಯಾಸ್ ಇರಬಹುದು. 37 ಮೆಡಿಟರೇನಿಯನ್ ಮತ್ತು ಕಪ್ಪು ಸಮುದ್ರ, ಎರಡೂ ಸಾಧ್ಯ. 51 ಮತ್ತು 57 ಇಂಡಿಯನ್ ಮಹಾಸಾಗರದ ಪಶ್ಚಿಮ ಮತ್ತು ಪೂರ್ವ, ಬಂಗುಡೆಯೂ ಇರಬಹುದು ಅಂಜಲೂ ಇರಬಹುದು, ತುಂಡಿನ ಗಾತ್ರ ನೋಡಿ. 61 ವಾಯವ್ಯ ಪೆಸಿಫಿಕ್, ಜಪಾನಿಕಸ್ ಅಥವಾ ಆಸ್ಟ್ರಲೇಸಿಕಸ್. 87 ಪೆರು, ಚಿಲಿಯ ಕಡೆ, ಚಬ್ ಇರಬಹುದು, ಜ್ಯಾಕ್ ಕೂಡ ಇರಬಹುದು.

ಇಷ್ಟೆಲ್ಲಾ ಯಾಕೆ, ಎಲ್ಲಾ ಮೀನೇ ಅಲ್ವಾ ಅನ್ನುವವರಿಗೆ ಪಾದರಸದ ಲೆಕ್ಕ ತೋರಿಸುತ್ತೇನೆ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಪಟ್ಟಿಯಲ್ಲಿ ಅಟ್ಲಾಂಟಿಕ್ ಮ್ಯಾಕೆರೆಲ್‌ನ ಸರಾಸರಿ ಹತ್ತು ಲಕ್ಷಕ್ಕೆ 0.05 ಪಾಲು, ಪೆಸಿಫಿಕ್ ಚಬ್‌ನದು 0.09ರ ಹತ್ತಿರ, ಮೆಕ್ಸಿಕೊ ಕೊಲ್ಲಿಯ ಸ್ಪ್ಯಾನಿಷ್‌ನದು 0.45, ಕಿಂಗ್ ಮ್ಯಾಕೆರೆಲ್‌ನದು 0.73. ಹೆಸರು ಒಂದೇ ಮ್ಯಾಕೆರೆಲ್, ಅಂತರ ಹದಿನಾಲ್ಕು ಪಟ್ಟು! ದೊಡ್ಡದಾಗಿ, ಬಹಳ ವರ್ಷ ಬದುಕಿ, ಬೇರೆ ಮೀನು ತಿನ್ನುವ ಮೀನಿನಲ್ಲಿ ಪಾದರಸ ಸೇರುತ್ತಾ ಹೋಗುತ್ತದೆ. ಗರ್ಭಿಣಿಯರು, ಹಾಲುಣಿಸುವವರು ಮತ್ತು ಚಿಕ್ಕ ಮಕ್ಕಳು ತಿನ್ನಬಾರದು ಅಂತ ಅಲ್ಲಿ ಹೇಳಿರುವುದು ಕಿಂಗ್‌ಗೆ, ಅಟ್ಲಾಂಟಿಕ್ ಮ್ಯಾಕೆರೆಲ್‌ಗೆ ಅಲ್ಲ. ಬರೀ ‘ಮ್ಯಾಕೆರೆಲ್ ಬೇಡ’ ಅಥವಾ ‘ಮ್ಯಾಕೆರೆಲ್ ಒಳ್ಳೆಯದು’ ಅನ್ನುವ ಸಲಹೆ ಯಾರಾದರೂ ಕೊಟ್ಟರೆ ಯಾವುದು ಅಂತ ತಿರುಗಿ ಕೇಳಿ. ಜಾತಿ ಯಾವುದೇ ಇರಲಿ, ತಣ್ಣಗೆ ಇಡದಿದ್ದರೆ ಈ ಕುಟುಂಬದ ಮೀನುಗಳಲ್ಲಿ ಹಿಸ್ಟಮೈನ್ ಅನ್ನುವ, ಅಲರ್ಜಿಯಂಥ ತೊಂದರೆ ಕೊಡುವ ರಾಸಾಯನಿಕ ಹುಟ್ಟುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಅದೊಂದು ವಿಷಯದಲ್ಲಿ ಎಲ್ಲವೂ ಒಂದೇ.

ಇನ್ನು ಮೇಲೆ ‘ಇದು ಯಾವುದು’ ಅಂತ ಯಾರನ್ನಾದರೂ ಕೇಳುವುದಿದ್ದರೆ ಮೀನನ್ನು ಕೈಯಲ್ಲಿ ಎತ್ತಿ ಹಿಡಿದ ಒಂದೇ ಫೋಟೊ ಕಳಿಸಬೇಡಿ. ಪಕ್ಕಕ್ಕೆ ಮಲಗಿಸಿ, ಮೊದಲ ಬೆನ್ನುರೆಕ್ಕೆಯನ್ನು ಎತ್ತಿ ನಿಲ್ಲಿಸಿ ಪೂರ್ತಿ ಮೈಯದು ಒಂದು, ಹೊಟ್ಟೆಯದು ಒಂದು, ಬಾಲದ ಬುಡದ್ದು ಹತ್ತಿರದಿಂದ ಒಂದು. ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಯಾವ ಸಮುದ್ರದ್ದು ಅಂತ ಬರೆಯುವುದನ್ನು ಮಾತ್ರ ಮರೆಯಬೇಡಿ, ಹತ್ತರಲ್ಲಿ ಒಂಬತ್ತು ಜನ ಅದನ್ನೇ ಬರೆಯುವುದಿಲ್ಲ.